ಹಾರುವ ಪೆಟ್ಟಿಗೆ ನನ್ನ ಕೋಣೆಯಲ್ಲಿದೆ

ಮಿಡತೆ ಮಗಳೇ,

ನೀನು ಹಾರಿ ಅಭ್ಯಾಸ ಮಾಡುವ ಮರದ ಪೆಟ್ಟಿಗೆಯನ್ನು ಕದ್ದವನು ನಾನೇ. ಬಾಗಿಲಿಗೆ ಚಿಲಕ ಹಾಕಿ, ಅದರ ಮೇಲೇ ಕೂತು ಬರೆಯುತ್ತಿದ್ದೇನೆ.

ನಾಳೆ ಎತ್ತರ ಜಿಗಿತದ ಆಯ್ಕೆ. ಇವತ್ತು ಹಾರಲೇಬೇಡ ಅಂತ ಕೋಚ್ ಮೇಡಂ ಹೇಳಿದ್ದರೂ ನೀನು ಹಿತ್ತಲಲ್ಲಿ ಧಡಧಡ ಹಾರುತ್ತಿದ್ದೆ. ಕೊನೆಗೆ ನಿನ್ನ ಮಂಡಿ ಒಳಕ್ಕೆ ವಾಲಿದ್ದು ನನ್ನ ಕಣ್ಣಿಗೆ ಬಿತ್ತು. ಸ್ನಾಯುವಿನಲ್ಲಿ ಬಲವಿದ್ದರೂ ದಣಿದ ನರ ಅಪ್ಪಣೆಯನ್ನು ತಡವಾಗಿ ಮುಟ್ಟಿಸುತ್ತದಂತೆ. ನೆಲಕ್ಕಿಳಿಯುವಾಗ ಸ್ನಾಯು ಹೊತ್ತಿಗೆ ಸರಿಯಾಗಿ ಬಿಗಿಯದೆ, ಪೆಟ್ಟು ತಿನ್ನುವುದು ಮಂಡಿ. ಬಾವಿಯನ್ನೇ ಹಾರಿದ ಶೂರ ನಾನು, ಆದರೂ ಇದನ್ನು ಮೇಡಂ ಬಾಯಿಂದಲೇ ಕಲಿತೆ.

ಕಾಲು ದಿಂಬಿನ ಮೇಲಿಟ್ಟು ಮಲಗು. "ಒಂದೇ ಒಂದು ಸಲ, ಚಿಕ್ಕಪ್ಪಾ" ಅಂತ ಬಾಗಿಲು ಬಡಿಯಬೇಡ ತಾಯಿ. ನಿನಗೆ "ಇಲ್ಲ" ಅನ್ನುವುದನ್ನು ನಮ್ಮೂರ ಶಾಲೆಯಲ್ಲಿ ನನಗೆ ಯಾರೂ ಕಲಿಸಲಿಲ್ಲ.

ಇಂತಿ,
ನಿನ್ನ ಚಿಕ್ಕಪ್ಪ