ಕರೆಂಟಿಲ್ಲದ ಎಲೆಕ್ಟ್ರಿಕಲ್ ಲ್ಯಾಬು ಮತ್ತು ಶಿವಶರಣಪ್ಪನ ಬಲಗೈ

ಮಾನ್ಯ ಕುಲಪತಿಗಳೇ,

ನಮ್ಮ ಎಲೆಕ್ಟ್ರಿಕಲ್ ವಿಭಾಗದ ಮೆಷಿನ್ಸ್ ಲ್ಯಾಬಿಗೆ ಮೂರು ವರ್ಷದಿಂದ ಕರೆಂಟಿಲ್ಲ. ಅಲ್ಲಿಗೆ ಬರುತ್ತಿದ್ದ ತ್ರೀ ಫೇಸ್ ಲೈನನ್ನು ತಮ್ಮ ಸಭಾಂಗಣದ ಏಸಿಗೆ ತಿರುಗಿಸಲಾಗಿದೆ. ಈ ಬಗ್ಗೆ ತಮಗೆ ಇಂಗ್ಲಿಷಿನಲ್ಲಿ ಬರೆದೆ, ತೆಲುಗಿನಲ್ಲಿ ಬರೆಸಿದೆ. ತಮಗೆ ಕನ್ನಡ ಬಾರದೆಂದು ಬಲ್ಲೆ. ಬರುವ ಭಾಷೆಗಳಲ್ಲಿ ಬರೆದದ್ದನ್ನೂ ತಾವು ಓದದಿರುವುದರಿಂದ, ಈ ಸಲ ಪತ್ರಿಕೆಯ ಮೂಲಕ ನನ್ನ ಭಾಷೆಯಲ್ಲೇ ಸಂಕಟ ತೋಡಿಕೊಳ್ಳುತ್ತಿದ್ದೇನೆ.

ನಾನು ಲೆಕ್ಚರರ್ ಆಗಿ ಸೇರಿದಾಗ ಆ ಲ್ಯಾಬಿನಲ್ಲಿದ್ದದ್ದು ಒಂದೇ ಮೋಟರು. ಇದೇ ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ಬಾಗಿಲು ಬಡಿದು, ಅವರು ಮೂಲೆಗೆಸೆದದ್ದನ್ನು ತಂದು, ರಿಪೇರಿ ಮಾಡಿಸಿ ಉಳಿದವನ್ನು ಕೂಡಿಸಿದೆ. ರೀಡರಾದೆ, ಪ್ರೊಫೆಸರಾದೆ. ಈಗ ನಿವೃತ್ತಿಯ ಹೊಸ್ತಿಲಲ್ಲಿ ನಿಂತಿದ್ದೇನೆ. ಆ ಮೋಟರುಗಳ ಮೇಲೆ ಹುಡುಗರು ಊಟದ ಡಬ್ಬಿ ಇಡುತ್ತಾರೆ. ಹಾಗಾದರೆ ಪ್ರಾಕ್ಟಿಕಲ್ ಹೇಗೆ ನಡೆಯುತ್ತದೆ ಎನ್ನುವಿರಾ? ಸೀನಿಯರುಗಳ ರೆಕಾರ್ಡ್ ಪುಸ್ತಕದಿಂದ ಮೀಟರ್ ರೀಡಿಂಗ್ ನಕಲಾಗುತ್ತದೆ. ಫಲಿತಾಂಶ ನೂರಕ್ಕೆ ನೂರು. ಅದಕ್ಕಾಗಿ ತಾವು ಸಭೆ ಕರೆದು ನಮ್ಮನ್ನು ಹೊಗಳಿದಿರಿ. ಸಭಾಂಗಣ ಬಹಳ ತಂಪಾಗಿತ್ತು.

ಲಿಂಗಂಪಲ್ಲಿಯ ಶಿವಶರಣಪ್ಪ ಹೀಗೆ ಪಾಸಾದವನು. ಸೀರೀಸ್ ಮೋಟರನ್ನು ಲೋಡಿಲ್ಲದೆ, ಅಂದರೆ ಎಳೆಯಲು ಭಾರವಿಲ್ಲದೆ, ಚಾಲೂ ಮಾಡಬಾರದು, ವೇಗ ಏರುತ್ತಲೇ ಹೋಗಿ ಸಿಡಿಯುತ್ತದೆ ಎಂದು ಪರೀಕ್ಷೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಹೋದ ತಿಂಗಳು, ಕೆಲಸಕ್ಕೆ ಸೇರಿದ ಕಾರ್ಖಾನೆಯಲ್ಲಿ, ರಿಪೇರಿಯಾಗಿ ಬಂದ ಕ್ರೇನಿನ ಮೋಟರನ್ನು ಯಾವ ಭಾರಕ್ಕೂ ಜೋಡಿಸದೆ ನೆಲದ ಮೇಲಿಟ್ಟು, ತಿರುಗುತ್ತದೋ ನೋಡೋಣವೆಂದು ಸ್ವಿಚ್ ಹಾಕಿದ. ಅದು ಸೀರೀಸ್ ಮೋಟರು. ಕಂಡೊಡನೆ ಗುರುತು ಹಿಡಿಯಲು ಅವನು ಯಾವತ್ತು ಅಂಥದನ್ನು ಮುಟ್ಟಿ ನೋಡಿದ್ದ? ಮೋಟರು ಸಿಡಿದು ಬಲಗೈ ಹೋಯಿತು.

ಆಸ್ಪತ್ರೆಯಲ್ಲಿ ಅವನ ತಾಯಿ ಶಿವದೇವಿ ನನ್ನನ್ನು ಹಿಡಿದುಕೊಂಡರು: “ನೀವ ಕಲಿಸಿದ್ರಲ್ರಿ ಸರ್? ಫಸ್ಟ್ ಕ್ಲಾಸ್ ಬಂದಾಂವಗ ಇಷ್ಟೂ ತಿಳೀಲಿಲ್ಲೇನ್ರಿ?”

“ಅವಗ ಗೊತ್ತಿತ್ತವ್ವಾ.”

“ಗೊತ್ತಿದ್ರ ಯಾಕ ಮಾಡಿದ?”

ಆ ತಾಯಿಗೆ ತಾವಾದರೂ ಉತ್ತರ ಹೇಳಬಲ್ಲಿರಾ? ಹುಡುಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನನ್ನ ಕಡೆ ತಿರುಗಲೇ ಇಲ್ಲ.

ಬೀಳ್ಕೊಡುಗೆಯಲ್ಲಿ ನನಗೆ ಶಾಲು ಹೊದಿಸುವಿರಂತೆ. ಬೇಡ. ಈಗಿನ ತಂಡದ ಹುಡುಗರ ಪರೀಕ್ಷೆಗೆ ಮುಂಚೆ ಲ್ಯಾಬಿನ ಲೈನ್ ವಾಪಸ್ ಕೊಡಿ. ಕೊಡಲಾರಿರಿ, ಬೇಸಿಗೆ ಹತ್ತಿರ ಬಂತು. ಹಾಗಿದ್ದರೆ ಇಷ್ಟಾದರೂ ಮಾಡಿ: ಪದವಿ ಪತ್ರದಲ್ಲಿ, ತಮ್ಮ ಸಹಿಯ ಮೇಲ್ಗಡೆ, ‘ಈತ ತಿರುಗುವ ಮೋಟರನ್ನು ಕಂಡವನಲ್ಲ’ ಎಂದು ಅಚ್ಚು ಹಾಕಿಸಿ. ಸ್ವಿಚ್ಚಿನ ಹತ್ತಿರ ಬಿಡುವ ಮುನ್ನ ಕಾರ್ಖಾನೆಯವರು ಓದಿಕೊಳ್ಳಲಿ.

ಇಂತಿ,
ಈ ವರ್ಷವೂ ನಕಲು ರೀಡಿಂಗಿಗೆ ಮಾರ್ಕು ಹಾಕಲಿರುವ
ಗುರುಸಿದ್ದಪ್ಪ,
ಎಲೆಕ್ಟ್ರಿಕಲ್ ಪ್ರೊಫೆಸರ್, ಹೈದರಾಬಾದ್