ಗೋಡೆಯೊಳಗೆ ಕೂತ ಧೂಳು

ಜನವರಿ 9, ಸೋಮವಾರ. ಬೆಳಿಗ್ಗೆ 10.20

ಡ್ರೈಯರನ್ನು ಮತ್ತೆ ಎರಡು ಸಲ ಓಡಿಸಬೇಕಾಯಿತು. ಟವೆಲ್‌ಗಳು ಇನ್ನೂ ತೇವ. ಚಳಿಗೆ ಇರಬೇಕು.

ಏಳರಿಂದ ಹತ್ತು ನನ್ನ ಸರದಿ. ಸರದಿ ಕಾದಿರಿಸುವ ಹಲಗೆಯಲ್ಲಿ ಆ ಗಂಟೆಗೆ ನನ್ನ ಮನೆಯ ಸಂಖ್ಯೆಯ ಪುಟ್ಟ ಬೀಗ ನೇತಾಡುತ್ತಿದೆ. ಆದರೂ ಎಂಟಕ್ಕೆ ಮತ್ತೆ ಕೆಳಗಿಳಿದರೆ, ಎಲ್ಲ ಮನೆಗಳಿಗೂ ಒಂದೇ ಆದ ನೆಲಮಾಳಿಗೆಯ ಒಗೆಯುವ ಕೋಣೆಯೊಳಗೆ ನಾಲ್ಕನೇ ಮಹಡಿಯ ಟೋರ್ಗ್ನಿ. ಎಂಬತ್ತನಾಲ್ಕು ವರ್ಷ. ಡ್ರೈಯರಿನ ಹಿಂದಿನ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಇನ್ನೊಂದು ಕೈಯಲ್ಲಿ ಡ್ರೈಯರಿನ ಜಾಲರಿಯಿಂದ ತೆಗೆದ ನಾರಿನ ಧೂಳು, ನನ್ನ ಬಟ್ಟೆಯದು. ಬೆರಳಲ್ಲಿ ಹೊಸೆಯುತ್ತಾ, ಮೂಸುತ್ತಾ... ಅಸಹ್ಯವಾಯಿತು. ಆದರೂ ಸೌಜನ್ಯಕ್ಕೆ ಇಬ್ಬರೂ ನಕ್ಕೆವು. ಅವರು ಹೊರಟುಹೋದರು.

ಈ ಕೋಣೆಯ ಉಸ್ತುವಾರಿ ಐದು ವರ್ಷದಿಂದ ನನ್ನದು. ಸರದಿ ಮುಗಿದ ಮೇಲೆ ಜಾಲರಿ ಸ್ವಚ್ಛ ಮಾಡಬೇಕು, ಬೇರೆಯವರ ಸರದಿಯಲ್ಲಿ ಕಾಲಿಡಬಾರದು. ಇರುವುದೇ ಎರಡು ನಿಯಮ.

ಜನವರಿ 12, ಗುರುವಾರ

ಬಾಗಿಲಿಗೆ ಚೀಟಿ ಅಂಟಿಸಿದೆ. ಹೆಸರಿಲ್ಲದೆಯೇ — ಮುಖ ನೋಡಿ ಹೇಳುವ ಪದ್ಧತಿ ಈ ಕಟ್ಟಡದಲ್ಲಿ ಯಾರಿಗಿದೆ? "ಒಬ್ಬರು ಪರರ ಸರದಿಯಲ್ಲಿ ಒಳಬರುತ್ತಿದ್ದಾರೆ. ಮೂವರು ದೂರಿದ್ದಾರೆ." ದೂರಿದ್ದು ನಾನೊಬ್ಬಳೇ. ಮೂವರು ಎಂದರೆ ಒಂದು ತೂಕ ಬರುತ್ತದೆ.

ಜನವರಿ 23, ಸೋಮವಾರ

ಚೀಟಿಯ ಕೆಳಗೆ ಪೆನ್ಸಿಲ್ಲಿನ ಬರಹ, ನಡುಗುವ ಅಕ್ಷರ: "ಗೋಡೆಯೊಳಗೆ ಗಾಳಿ ನಿಲ್ಲುತ್ತಿದೆ. ಒಡೆದು ನೋಡಿ. — ಟೋರ್ಗ್ನಿ."

ಗೋಡೆ ಒಡೆಯಬೇಕಂತೆ! ಡ್ರೈಯರಿನ ಬಿಸಿಗಾಳಿ ಗೋಡೆಯೊಳಗಿಂದ ಹೊರಹೋಗುವ ಕೊಳವೆ ಸ್ವಚ್ಛ ಮಾಡುವವರು ಪ್ರತಿ ಶರತ್ಕಾಲ ಬರುತ್ತಾರೆ, ಮೊಹರು ಹಾಕಿದ ಕಾಗದ ಕೊಡುತ್ತಾರೆ. ಐದೂ ನನ್ನ ಫೈಲಿನಲ್ಲಿವೆ.

ಸಂಜೆ ನಿವಾಸಿಗಳ ಸಂಘದ ಸಭೆ. ಅಧ್ಯಕ್ಷ ಕ್ರಿಸ್ಟರ್ ಒಮ್ಮೆ ಅವರನ್ನೇ ಕೇಳಿಬಿಡೋಣವೇ ಎಂದ. ಚೀಟಿ ಹಾಕಿದ್ದೇವಲ್ಲ, ಇನ್ನೇನು ಕೇಳುವುದು ಎಂದೆ. ಎಲ್ಲರೂ ಕಾಫಿ ಲೋಟದೊಳಗೆ ನೋಡಿದರು. ಹಲಗೆಯಿಂದ ಟೋರ್ಗ್ನಿಯ ಬೀಗ ಕಿತ್ತು ನನ್ನ ಮೇಜಿನ ಖಾನೆಗೆ ಹಾಕಿದ್ದಾಯಿತು. ಇನ್ನು ಅವರಿಗೆ ಕೆಳಗೆ ಒಗೆಯುವ ಹಕ್ಕಿಲ್ಲ.

ಫೆಬ್ರುವರಿ 1, ಬುಧವಾರ

ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಟೋರ್ಗ್ನಿಯ ಬಾಲ್ಕನಿಯಲ್ಲಿ ಮೂರು ಅಂಗಿ, ಹಲಗೆಯಂತೆ ಸೆಟೆದು ನಿಂತಿವೆ. ಸ್ನಾನದ ತೊಟ್ಟಿಯಲ್ಲಿ ಒಗೆಯುತ್ತಿರಬೇಕು. ಪರದೆ ಎಳೆದೆ.

ಫೆಬ್ರುವರಿ 9, ಗುರುವಾರ. ಮಧ್ಯಾಹ್ನ 1.00

ಬೆಳಿಗ್ಗೆ ನೆಲಮಹಡಿಯ ತೂವಾ ಬಂದಳು, ಅವಳಿ ಮಕ್ಕಳ ತಾಯಿ. ಡ್ರೈಯರಿನಿಂದ ತೆಗೆದ ಮಗುವಿನ ಅಂಗಿಯ ಜಿಪ್ ತಗುಲಿ ಬೆರಳು ಸುಟ್ಟಿದೆ. ಬೊಬ್ಬೆ ತೋರಿಸಿದಳು. ಅವಳ ಮಕ್ಕಳು ಮಲಗುವುದು ಆ ಕೊಳವೆ ಹಾದುಹೋಗುವ ಗೋಡೆಯ ಮೇಲ್ಗಡೆ. ಚೀಟಿಯ ಕೆಳಗಿನ ಪೆನ್ಸಿಲ್ ಬರಹ ನೆನಪಾಯಿತು.

ನಾಲ್ಕನೇ ಮಹಡಿ ಹತ್ತಿ ಗಂಟೆ ಒತ್ತಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಟೋರ್ಗ್ನಿ ಒಂದು ಕುಟುಕು ಮಾತೂ ಆಡಲಿಲ್ಲ. ಬೂಟು ಹಾಕಿಕೊಂಡು ಬಂದರು.

ಡ್ರೈಯರ್ ಹಚ್ಚಿ, ನನ್ನ ಕೈ ಹಿಡಿದು ಗೋಡೆಗೆ ಇಟ್ಟರು.

"ಇಲ್ಲಿ ನೋಡು ಮೈ-ಬ್ರಿಟ್. ಗಾಳಿ ಓಡ್ತಾ ಇದೆ, ಅಲ್ವಾ? ಈಗ ಒಂದು ಹೆಜ್ಜೆ ಈ ಕಡೆ ಬಾ. ಇಲ್ಲೂ ಇದೆ. ಈಗ ಇಲ್ಲಿಡಮ್ಮ. ಇಲ್ಲಿ ಬರೀ ಬಿಸಿ. ಓಟ ಇಲ್ಲ."

ನನಗೆ ಗೋಡೆಯಷ್ಟೇ ತಿಳಿಯಿತು. ಕಣ್ಣು ಮುಚ್ಚು ಎಂದರು. ಮುಚ್ಚಿದೆ... ಹೌದು! ಅಲ್ಲಿಯವರೆಗೆ ಸಣ್ಣ ಅದುರು, ಆಮೇಲೆ ಏನೂ ಇಲ್ಲ. ಅಲ್ಲಿ ಪೆನ್ಸಿಲ್ಲಿನಿಂದ ತಟ್ಟೆಯಗಲ ಒಂದು ವೃತ್ತ ಎಳೆದರು. ಕಾಗದದ ಕಾರ್ಖಾನೆಯಲ್ಲಿ, ಒಣಗಿಸುವ ಉರುಳೆಗಳ ಬಳಿ, ಮೂವತ್ತೆಂಟು ವರ್ಷ ದುಡಿದ ಕೈ ಅದು. ನನಗೆ ಗೊತ್ತೇ ಇರಲಿಲ್ಲ.

ಫೆಬ್ರುವರಿ 10, ಶುಕ್ರವಾರ. ಸಂಜೆ 4.00

ಇವತ್ತು ಗೋಡೆ ಒಡೆಸಿದೆವು.

ಕೆಲಸದವನು ಪೆನ್ಸಿಲ್ ಗೆರೆಯ ಮೇಲೆಯೇ ಕೊರೆದ. ಒಂದಂಗುಲ ಆಚೆಯಿಲ್ಲ, ಈಚೆಯಿಲ್ಲ — ಕೊಳವೆ ತಿರುಗುವ ಜಾಗ. ಎಳೆದ, ಎಳೆದ... ಮಡಚಿದ ಕಂಬಳಿಯಷ್ಟು ಧೂಳು ಹೊರಬಂತು. ಗಟ್ಟಿಯಾಗಿ, ಪದರ ಪದರವಾಗಿ. ಒಂದು ಬದಿ ಕಂದಿ ಕರಕಲಾಗಿತ್ತು. ಪ್ರತಿ ವರ್ಷ ಬಂದವರು ಎರಡು ತುದಿ ಮಾತ್ರ ಗುಡಿಸಿ ಹೋಗಿದ್ದರು. ತೂವಾ ಅದನ್ನು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಟೋರ್ಗ್ನಿ ನೆಲದ ಮೇಲೆ ಮಂಡಿಯೂರಿ ಪದರಗಳನ್ನು ಬಿಡಿಸಿದರು. ಮೇಲಿನದು ಹಳದಿ: ತೂವಾಳ ಮಕ್ಕಳು ಹುಟ್ಟಿದ ವರ್ಷದ್ದು. ಅದರ ಕೆಳಗಿನ ಕೆಂಪು ಕ್ರಿಸ್ಟರನ ಪರದೆ. ಇಪ್ಪತ್ತೆರಡು ಮನೆಗಳ ಬಾಳು ಆ ಕೈಗೆ ಗೊತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಎಲ್ಲಕ್ಕಿಂತ ದಪ್ಪ ಪದರ ಕಪ್ಪು. ಅಲ್ಲಿ ಅವರ ಬೆರಳು ನಿಂತಿತು. ಯಾರದು ಎಂದು ನಾನೇ ಕೇಳಿದೆ.

"ನಿನ್ನದಮ್ಮ. ಸ್ಟೂರೆ ತೀರಿಕೊಂಡ ವರ್ಷದ್ದು. ನೀನು ಬರೀ ಕಪ್ಪು ಹಾಕ್ತಿದ್ದೆ. ಜಾಲರಿಯ ಧೂಳು ತೆಗೆಯೋದನ್ನ ಮರೀತಿದ್ದೆ. ಮೊದಲ ಕೆಲವು ತಿಂಗಳು ನಂಗೂ ತಿಳೀಲಿಲ್ಲ, ಅಷ್ಟೂ ಒಳಗೆ ಹೋಯ್ತು. ಆಮೇಲೆ ನಿನ್ನ ಸರದಿಯಲ್ಲಿ ನಾನೇ ಇಳಿದು ತೆಗೀತಿದ್ದೆ. ಹಾಗೇ ರೂಢಿ ಆಗೋಯ್ತು."

ನನಗೆ ನೆನಪೇ ಇಲ್ಲ. ಆ ವರ್ಷದ್ದು ಏನೂ ನೆನಪಿಲ್ಲ. ಗಂಡ ಸತ್ತದ್ದನ್ನು ಈ ಕಟ್ಟಡದಲ್ಲಿ ಒಬ್ಬರೂ ಗಮನಿಸಲಿಲ್ಲ ಎಂದು ಆರು ವರ್ಷ ಸಿಟ್ಟಿಟ್ಟುಕೊಂಡಿದ್ದೆ. ಒಬ್ಬರು ವಾರವಾರವೂ ಆ ಕಪ್ಪನ್ನು ಕೈಯಿಂದ ಬಾಚಿ ತೆಗೆದಿದ್ದರು. ಮೇಲೆ ಬಂದು ತುಂಬಾ ಅತ್ತೆ.

ಫೆಬ್ರುವರಿ 12, ಭಾನುವಾರ. ಬೆಳಿಗ್ಗೆ 10.30

ಬೀಗ ಖಾನೆಯಿಂದ ತೆಗೆದು ಎದುರಿಗಿಟ್ಟುಕೊಂಡಿದ್ದೇನೆ. ಲಕೋಟೆಯಲ್ಲಿ ಹಾಕಿ, ನಾಲ್ಕು ಸಾಲು ಬರೆದು, ಅವರ ಬಾಗಿಲ ಸಂದಿಯಿಂದ ತಳ್ಳಿಬಿಡುವುದು ಎಂದುಕೊಂಡೆ. ಮೂರು ಸಲ ಬರೆದೆ. ಮೂರೂ ಹರಿದೆ. ಬರೆದರೆ ಅದೂ ಇನ್ನೊಂದು ಚೀಟಿಯೇ.

ಹೋಗಬೇಕು. ಗಂಟೆ ಒತ್ತಬೇಕು. ಮುಖ ನೋಡಿ, ದೂರಿದ್ದು ನಾನೊಬ್ಬಳೇ ಎಂದು ಮೊದಲು ಹೇಳಬೇಕು. ಅದಾದ ಮೇಲೆ ಈ ಬೀಗ ಅವರ ಕೈಯಲ್ಲಿಡಬೇಕು. ಉಳಿದದ್ದು ಬಂದು ಬರೆಯುತ್ತೇನೆ.