ಜೂನ್ ತಿಂಗಳ ಚುಕ್ಕಿ

ಅಮೃತಹಳ್ಳಿ, ಬೆಂಗಳೂರು
8-11-2014, ಶನಿವಾರ

ಮಗ ಶಿವರಾಮನಿಗೆ ನಿನ್ನ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪಾ? ಮಸ್ಕತ್ತಿನ ಬಿಸಿಲು ಈಗಲಾದರೂ ತಗ್ಗಿದೆಯಾ? ಲಾರಿ ಓಡಿಸುವಾಗ ಬರೀ ಟೀ ಕುಡಿದು ಹೊಟ್ಟೆ ಕೆಡಿಸಿಕೊಳ್ಳಬೇಡ, ನಿಮ್ಮಪ್ಪನೂ ಹೀಗೇ ಮಾಡಿ ಹುಣ್ಣು ಬರಿಸಿಕೊಂಡಿದ್ದು. ನನ್ನ ಮಂಡಿನೋವು ಸಾಯುವವರೆಗೂ ಇರುತ್ತದೆ, ಅದನ್ನು ಕೇಳಬೇಡ. ನಿನ್ನ ಹೆಂಡತಿ ಪದ್ಮಶ್ರೀ ದಿನಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಒಳ್ಳೆಯವಳೇ, ಸಾರಿಗೆ ಮಾತ್ರ ಇವತ್ತಿಗೂ ಉಪ್ಪು ಜಾಸ್ತಿ. ಕಾಗದ ಯಾಕೆ ಬರೆಯುತ್ತಿದ್ದಾಳೆ ಮುದುಕಿ ಅಂತ ಗಾಬರಿಯಾಗಬೇಡ. ನೀನು ಫೋನ್ ಮಾಡುವುದು ಭಾನುವಾರ, ಆಗ ನಿನ್ನ ಮಗಳು ರಾಣಿ ಎದುರಿಗೇ ಕೂತಿರುತ್ತಾಳೆ. ನನಗೋ ಪಿಸುಮಾತು ಬರುವುದಿಲ್ಲ. ಪಕ್ಕದ ಮನೆ ಅಕ್ಬರಿಯ ಮಗ ರಜೆ ಮುಗಿಸಿ ನೀನಿರುವ ಕಡೆಗೇ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಸಹಿಸಿಕೊಂಡು ಓದು.

ನಿನ್ನ ಮಗಳ ನರ್ಸಿಂಗ್ ಓದು ಮಣ್ಣುಪಾಲಾಯಿತು. ಸುತ್ತಿ ಬಳಸಿ ಹೇಳಿದರೆ ಏನೂ ಕಡಿಮೆಯಾಗುವುದಿಲ್ಲ. ಮೂರನೇ ವರ್ಷದ ಪರೀಕ್ಷೆಗೆ ಹಾಲ್ ಟಿಕೆಟ್ ಯಾಕೆ ಬಂದಿಲ್ಲ ಎಂದು ಹುಡುಗಿಯರು ಗಲಾಟೆ ಮಾಡಿದಾಗ ಗೊತ್ತಾಯಿತು, ಕಾಲೇಜಿಗೆ ಮಾನ್ಯತೆಯೇ ಇಲ್ಲ. ಮೊದಲೆರಡು ವರ್ಷ ಅವರೇ ಪರೀಕ್ಷೆ ಮಾಡಿ ಅವರೇ ಮಾರ್ಕ್ಸ್ ಕಾರ್ಡ್ ಹಂಚಿದ್ದರು. ಸೇರಿಸುವ ದಿನ ನೀನೂ ಪಕ್ಕದಲ್ಲೇ ಇದ್ದೆ. ಬೆಳ್ಳಿ ಕಡಗದ ಆ ಮ್ಯಾನೇಜರು "ಮಾನ್ಯತೆ ಇದೆ ಕಣಮ್ಮಾ, ಕಣ್ಮುಚ್ಕೊಂಡು ಸೇರ್ಸಿ" ಅಂದದ್ದು ನಿನ್ನ ಕಿವಿಗೂ ಬಿದ್ದಿದೆ. ಈಗ ಕೇಳಿದರೆ "ನಾವು ಹಂಗೆ ಹೇಳೇ ಇಲ್ವಲ್ಲ" ಅನ್ನುತ್ತಾನೆ. ಚಪ್ಪಲಿಗೆ ಕೈ ಹಾಕಿದ್ದೆ, ರಾಣಿ ಹಿಡಿದುಕೊಂಡಳು.

ಆಮೇಲೆ ಬಸ್ ಸ್ಟಾಪಿನ ಹತ್ತಿರ ಸೈಬರ್ ಸೆಂಟರ್ ಇಟ್ಟಿರುವ ವಾಜಿದ್ ಒಂದು ದಾರಿ ತೋರಿಸಿದ. ಇಂಟರ್ನೆಟ್ಟಿನ ಪುಟಗಳನ್ನು ಅದ್ಯಾರೋ ಆಗಾಗ ನಕಲು ಮಾಡಿ ಎತ್ತಿಡುತ್ತಾರಂತೆ. "ತಾರೀಕು ಒತ್ತಿದ್ರೆ ಸಾಕು ಅಜ್ಜಿ, ಅವತ್ತು ಹೆಂಗಿತ್ತೋ ಹಂಗೇ ಬರ್ತದೆ" ಅಂದ. ಪರದೆಯ ಮೇಲೆ ಕ್ಯಾಲೆಂಡರ್ ಬಂತು, ಎತ್ತಿಟ್ಟ ದಿನಗಳಿಗೆ ಮಾತ್ರ ನೀಲಿ ಚುಕ್ಕಿ. ರಾಣಿ ಸೇರಿದ ವರ್ಷದ ಮಾರ್ಚ್ ತಿಂಗಳ ಚುಕ್ಕಿ ಒತ್ತಿದ. ಶಿವರಾಮಾ, ನಾನೇ ಓದಿದೆ. ಕಾಲೇಜಿನ ಹೆಸರು, ಅದರ ಕೆಳಗೆ ಇಷ್ಟು ದಪ್ಪ ಅಕ್ಷರದಲ್ಲಿ 'ಸರ್ಕಾರದ ಮಾನ್ಯತೆ ಪಡೆದಿದೆ'. ಪಕ್ಕದಲ್ಲಿ ಬಿಳಿ ಬಟ್ಟೆ ಹಾಕಿ ನಗುತ್ತಿರುವ ಹುಡುಗಿಯರು. ನಾನು ವಾಜಿದನ ತಲೆ ಸವರಿಬಿಟ್ಟೆ. ರಾಣಿ ಎಷ್ಟೋ ದಿನದ ಮೇಲೆ ಅವತ್ತು ಎರಡು ಮುದ್ದೆ ಉಂಡಳು.

ಮರುದಿನ ಪ್ರಿಂಟ್ ಹಿಡಿದು ಹೋಗಿ ಮ್ಯಾನೇಜರ ಮೇಜಿನ ಮೇಲೆ ಕುಕ್ಕಿದೆ. ಅವನು ಬೆವರುತ್ತಾನೆ ಅಂದುಕೊಂಡರೆ, ನಕ್ಕ. "ಕಂಪ್ಯೂಟರ್ ಬೇರೆ ಕಲ್ತ್‌ಬಿಟ್ರಾ ಅಜ್ಜೀ? ಇದು ಮಾರ್ಚು. ನಿಮ್ ಹುಡ್ಗಿ ಸೇರಿದ್ದು ಆಗಸ್ಟು" ಎಂದು ತನ್ನ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, ಅದೇ ಕ್ಯಾಲೆಂಡರ್ ತೆಗೆದು ಜೂನ್ ತಿಂಗಳ ಚುಕ್ಕಿ ಒತ್ತಿದ. ಅದೇ ಪುಟ, ಅದೇ ನಗುವ ಹುಡುಗಿಯರು. ಆ ಸಾಲು ಮಾತ್ರ ಇಲ್ಲ. ನಡುವೆ ಮಾನ್ಯತೆ ಹೋಗಿತ್ತಂತೆ, ಅವರೂ ಸದ್ದಿಲ್ಲದೆ ಸಾಲು ತೆಗೆದಿದ್ದರಂತೆ. "ನೀವ್ ಸೇರ್ಸೋ ಹೊತ್ಗೆ ನಾವು ಹಾಕೇ ಇರ್ಲಿಲ್ಲ. ನೀವ್ ತಂದಿರೋ ಸಾಕ್ಷೀನೇ ಹೇಳ್ತದಲ್ಲ" ಅಂದ. ನಾನು ಹೊತ್ತುಕೊಂಡು ಹೋದದ್ದೇ ನಮ್ಮ ತಲೆಯ ಮೇಲೆ ಬಿತ್ತು.

ಅಲ್ಲಿಂದ ನೇರ ವಾಜಿದನ ಹತ್ತಿರ ಹೋಗಿ, ಆ ಜೂನ್ ಚುಕ್ಕಿ ಅಳಿಸೋ ಅಂದೆ. "ನೋಡ್ಬೋದು ಅಜ್ಜಿ, ಅಳ್ಸಕ್ಕಾಗಲ್ಲ. ಅದು ನಂದಲ್ಲ" ಅಂದ. ಹಾಗಾದರೆ ಆ ಕಡಗದವನು ನಮ್ಮೆದುರು ಬಾಯಿಬಿಟ್ಟು ಹೇಳಿದ್ದನ್ನು ತೆಗೆದು ತೋರಿಸು ಅಂದೆ. ಬಾಯಲ್ಲಿ ಆಡಿದ್ದನ್ನು ಯಾರೂ ಎತ್ತಿಡುವುದಿಲ್ಲವಂತೆ. ಅವನ ಮೇಲೂ ರೇಗಿದೆ, ಪಾಪ, ಪ್ರಿಂಟಿಗೆ ಕಾಸೂ ತೆಗೆದುಕೊಂಡಿರಲಿಲ್ಲ. ಲಾಯರಮ್ಮ ದ್ರೌಪದಮ್ಮನನ್ನೂ ಕೇಳಿದ್ದಾಯಿತು. ಕೇಸು ಹಾಕಬಹುದು, ಮುಗಿಯುವ ಹೊತ್ತಿಗೆ ಹುಡುಗಿಯ ವಯಸ್ಸು ಕಳೆದಿರುತ್ತದೆ ಅಂದಳು. ರಾಣಿ "ಸಾಕು ಬಾ ಅಜ್ಜಿ" ಎಂದು ನನ್ನ ಕೈ ಹಿಡಿದುಕೊಂಡು ಮನೆಗೆ ಕರೆತಂದಳು. ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು.

ಅವಳನ್ನು ನೀನಿರುವ ಊರಿನ ಆಸ್ಪತ್ರೆಗೇ ಸೇರಿಸಿಕೊಳ್ಳುತ್ತೇನೆ ಎಂದು ಜೊತೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ಇನ್ನು ಹೇಳಬೇಡ. ನೀನು ಕೆಲಸ ಬಿಟ್ಟು ಓಡಿ ಬರಲೂ ಬೇಡ, ಬಂದು ಮಾಡುವುದು ಏನೂ ಉಳಿದಿಲ್ಲ. ಮೈ ನೋಡಿಕೋ. ಮುನೇಶ್ವರ ನಿನ್ನನ್ನಾದರೂ ಕಾಯಲಿ.

ನಿನ್ನ ಅವ್ವ
ಮುನಿಕೆಂಪಮ್ಮ

ಮರೆತೆ: ಅಕ್ಬರಿಯ ಮಗ ಆಟೋ ನಿಲ್ಲಿಸಿಕೊಂಡು ಬಾಗಿಲಲ್ಲಿ ಕೂಗುತ್ತಿದ್ದಾನೆ. ರಾಣಿ ಈಗಲೂ ಬೆಳಿಗ್ಗೆ ಅದೇ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ತೊಟ್ಟುಕೊಂಡು ಹೋಗುತ್ತಾಳೆ. ಕಾಲೇಜಿಗಲ್ಲ, ಸಹಕಾರನಗರದಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯ ಮೈ ಒರೆಸಿ ಬಟ್ಟೆ ಬದಲಿಸುವುದಕ್ಕೆ. ನಾಳೆ ನೀನು ಫೋನ್ ಮಾಡಿದರೆ "ಕ್ಲಾಸ್ ನಡೀತಿದೆ ಅಪ್ಪಾ" ಅನ್ನುತ್ತಾಳೆ. ಪ್ರತಿ ವಾರವೂ ಅದನ್ನೇ ಹೇಳುತ್ತಾಳೆ. ಈ ಕಾಗದ ಓದಿದ ಮೇಲೂ ಹೂಂ ಅನ್ನು. ನಿನ್ನ ಕೋಣೆಯಲ್ಲಿ ಹಾಕಿಕೊಂಡಿರುವ ಅವಳ ಯೂನಿಫಾರ್ಮಿನ ಫೋಟೋ ತೆಗೆಯಬೇಡ. ಹಾಗೇ ಇರಲಿ.